ಇಬ್ಬನಿ ಬಿದ್ದ ದಿನ ಸದ್ದು ದೂರ ಹೋಗುವುದೇಕೆ?

ಗುಡೇಮಾರನಹಳ್ಳಿಯ ನಮ್ಮ ಹೊಲದ ಮನೆಗೆ ಹಗಲು ಹೊತ್ತು ಕುಣಿಗಲ್ ಹೆದ್ದಾರಿಯ ಸುಳಿವೇ ಇರುವುದಿಲ್ಲ. ಮಾಗಿಯಲ್ಲಿ ಬೆಳಗಿನ ಜಾವ ಎದ್ದು ಬಾಗಿಲು ತೆಗೆದರೆ ಲಾರಿಗಳು ಗೇರ್ ಬದಲಿಸುವುದೂ ಕಿವಿಗೆ ಬೀಳುತ್ತದೆ. "ಇಬ್ಬನಿ ಚೆನ್ನಾಗಿ ಬಿದ್ದಿರೋ ದಿನ ಸದ್ದು ದೂರದಿಂದ ಬತ್ತದೆ ಕಣಪ್ಪ" ಅನ್ನೋಳು ನಮ್ಮವ್ವ. ರಾತ್ರಿ ಬೇರೆ ಗಲಾಟೆ ಇರುವುದಿಲ್ಲ, ಅದಕ್ಕೇ ಕೇಳುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಅದು ನಿಜವೇ, ಆದರೆ ಅರ್ಧ ಮಾತ್ರ. ವಿಜ್ಞಾನದ ಮೇಷ್ಟ್ರಾಗಿ ಇಷ್ಟು ವರ್ಷ ಪಾಠ ಹೇಳಿದ ನನಗೆ ಅವ್ವನ ಮಾತೇ ಹೆಚ್ಚು ಸರಿ ಎನಿಸುತ್ತದೆ.

ತಮಟೆಗೆ ಏಟು ಬಿದ್ದಾಗ ಅದರ ಚರ್ಮ ಹಿಂದೆ ಮುಂದೆ ಅದುರುತ್ತದೆ. ಮುಂದೆ ಬಂದಾಗ ಪಕ್ಕದ ಗಾಳಿ ಒತ್ತಿಕೊಳ್ಳುತ್ತದೆ, ಹಿಂದೆ ಸರಿದಾಗ ಸಡಿಲವಾಗುತ್ತದೆ. ಈ ಒತ್ತಡದ ಏರಿಳಿತ ಪಕ್ಕದ ಗಾಳಿಗೆ, ಅಲ್ಲಿಂದ ಅದರಾಚೆಯ ಗಾಳಿಗೆ ದಾಟುತ್ತಾ ಹೋಗುವುದೇ ಸದ್ದು. ಗಾಳಿ ಇದ್ದಲ್ಲೇ ಅಲ್ಲಾಡುತ್ತದೆ. ತಮಟೆಯ ಬಳಿಯ ಗಾಳಿ ನಮ್ಮ ಕಿವಿಯವರೆಗೆ ನಡೆದು ಬರುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಜೋರು ಸದ್ದೆಂದು ಬೇಗ ಬರುವುದಿಲ್ಲ, ಸಣ್ಣ ದನಿಯೆಂದು ಹಿಂದೆ ಬೀಳುವುದಿಲ್ಲ. ಮಾಗಡಿ ತಿರುಮಲೆಯ ರಂಗನಾಥಸ್ವಾಮಿ ತೇರಿನ ದಿನ ಓಲಗವನ್ನು ಎಷ್ಟು ದೂರದಲ್ಲಿ ನಿಂತು ಕೇಳಿದರೂ ನಾಗಸ್ವರಕ್ಕೂ ಡೋಲಿಗೂ ತಾಳ ತಪ್ಪುವುದಿಲ್ಲ. ತಗ್ಗಿನ ದನಿ, ಏರಿನ ದನಿ ಎರಡೂ ಒಂದೇ ವೇಗದಲ್ಲಿ ಹೊರಡದಿದ್ದರೆ ದೂರದಲ್ಲಿ ಸಂಗೀತವೇ ಉಳಿಯುತ್ತಿರಲಿಲ್ಲ.

ವೇಗವನ್ನು ಬದಲಿಸುವುದು ಬಿಸಿ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಕೇಳಲು ಅಲ್ಪ, ಆದರೆ ಇಡೀ ಗುಟ್ಟು ಇರುವುದು ಇಲ್ಲೇ. ಜೋಡೆತ್ತಿನಲ್ಲಿ ಒಂದು ಬಿರುಸಾಗಿ, ಇನ್ನೊಂದು ನಿಧಾನವಾಗಿ ನಡೆದರೆ ಗಾಡಿ ನಿಧಾನದ ಎತ್ತಿನ ಕಡೆಗೇ ತಿರುಗುತ್ತದಲ್ಲ, ಸದ್ದಿನ ಅಲೆಯೂ ಹಾಗೇ ತಂಪು ಗಾಳಿಯ ಕಡೆಗೆ ಬಾಗುತ್ತದೆ. ಬಿಸಿಲಿನಲ್ಲಿ ನೆಲ ಕಾಯುತ್ತದೆ, ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಅಲೆಯ ಕೆಳಭಾಗ ಮುಂದೋಡುವುದರಿಂದ ಸದ್ದು ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಆಗ ನೆಲದ ಬಳಿ ತಂಪು, ಮೇಲೆ ಬೆಚ್ಚಗೆ. ಮೇಲೆ ಹೊರಟ ಸದ್ದು ಕೆಳಕ್ಕೆ ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಇಬ್ಬನಿ ಕಟ್ಟುವುದೂ ಅಂಥದೇ ರಾತ್ರಿಯಲ್ಲಿ. ಇಬ್ಬನಿ ಸದ್ದನ್ನು ಹೊತ್ತು ತರುವುದಿಲ್ಲ. ಇಬ್ಬನಿಗೂ ದೂರದ ಸದ್ದಿಗೂ ಕಾರಣ ಒಂದೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನು ಬಿಗಿಯಾಗಿರುವುದನ್ನು ಬೇಸರದಿಂದ ನೋಡುವವರು ಇದನ್ನೂ ಯೋಚಿಸಬೇಕು. ಅದೇ ಮೈಕು ರಾತ್ರಿ ಪಕ್ಕದೂರಿನ ಕೂಸನ್ನೂ ಎಬ್ಬಿಸುತ್ತದೆ.

ಗಾಳಿಯೊಂದೇ ದಾರಿಯಲ್ಲ. ರಾಮನಗರದ ಬಂಡೆಗಳು, ಸಾವನದುರ್ಗ, ಎಲ್ಲ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು; ರಾಮನಗರದ ಹಳೆಯ ಹೆಸರಿನಲ್ಲೇ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಇಂಥ ಗಟ್ಟಿ ಕಲ್ಲಿನಲ್ಲಿ ಕಂಪನ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ. ಮೂರು ಕಿಲೋಮೀಟರ್ ಆಚೆಯ ಕ್ವಾರಿಯಲ್ಲಿ ಬಂಡೆ ಸಿಡಿಸಿದರೆ ಮೊದಲು ಕಾಲಡಿಯ ನೆಲ ಅದುರಿ, ಎಂಟು ಸೆಕೆಂಡಿನಷ್ಟು ತಡವಾಗಿ "ಢಂ" ಎನ್ನುವುದು ಇದರಿಂದಲೇ.

2020ರ ಮೇ 20ರ ಮಧ್ಯಾಹ್ನ ಬೆಂಗಳೂರನ್ನು ನಡುಗಿಸಿದ ಸದ್ದನ್ನು ಎಷ್ಟೋ ಜನ ಭೂಕಂಪ ಎಂದೇ ತಿಳಿದರು. ಆದರೆ ಭೂಕಂಪ ಅಳೆಯುವ ಉಪಕರಣಗಳಲ್ಲಿ ನೆಲ ನಡುಗಿದ ಗುರುತಿರಲಿಲ್ಲ. ಅದು ಗಾಳಿಯಲ್ಲೇ ಬಂದದ್ದು. ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಸದ್ದಿಗಿಂತ ವೇಗವಾಗಿ ಹಾರಿತ್ತು ಎಂದು ಆ ಸಂಜೆ ರಕ್ಷಣಾ ಇಲಾಖೆ ತಿಳಿಸಿತು. ವಿಮಾನ ತಾನು ಎಬ್ಬಿಸಿದ ಅಲೆಗಳನ್ನೇ ಹಿಂದೆ ಹಾಕಿದಾಗ ಅವೆಲ್ಲ ಒಟ್ಟುಗೂಡಿ ಒಂದೇ ಹೊಡೆತವಾಗಿ ನೆಲಕ್ಕೆ ಬರುತ್ತವೆ.

ಇಷ್ಟೆಲ್ಲ ಹೇಳಿದ್ದು ಗುಡುಗಿನ ವಿಷಯಕ್ಕೆ ಬರಲು. ಏಪ್ರಿಲ್, ಮೇ ತಿಂಗಳ ಸಂಜೆ ಮಾವಿನ ತೋಪಿನಲ್ಲಿ, ಕುರಿ ಮೇಯುವ ಬಯಲಿನಲ್ಲಿ ನಮ್ಮ ಜನ ಮಿಂಚು ಕಂಡರೂ "ಇನ್ನೂ ದೂರ ಇದೆ" ಎಂದು ನಿಂತೇ ಇರುತ್ತಾರೆ. ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಆದರೆ ಗುಡುಗಿನ ಸದ್ದೂ ಬಿಸಿ ನೆಲದ ಮೇಲೆ ಹಾಯುವಾಗ ಮೇಲಕ್ಕೇ ಬಾಗುತ್ತದೆ. ಹಾಗಾಗಿ 15–20 ಕಿಲೋಮೀಟರ್ ಆಚೆಯ ಗುಡುಗು ಸಾಮಾನ್ಯವಾಗಿ ಕೇಳುವುದೇ ಇಲ್ಲ, ಬರೀ ಮಿಂಚು ಕಾಣುತ್ತದೆ. ಗುಡುಗು ಕೇಳಿಸಿತು ಎಂದರೆ ಸಿಡಿಲಿನ ಮೋಡ ಆಗಲೇ ಹತ್ತಿರ ಬಂದಿದೆ, ಮುಂದಿನ ಸಿಡಿಲು ನಿಮ್ಮ ಹೊಲಕ್ಕೇ ಬೀಳಬಹುದು. ಲೆಕ್ಕ 30 ಸೆಕೆಂಡಿಗಿಂತ ಕಡಿಮೆ ಬಂದರಂತೂ ಒಂದು ಗಳಿಗೆಯೂ ಕಾಯಬೇಡಿ. ಮರದ ಕೆಳಗೆ ನಿಲ್ಲಬೇಡಿ, ಗಟ್ಟಿ ಮನೆಯೊಳಗೆ ಹೋಗಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬೇಡಿ. ಕುರಿ ಕಾಯುವ ಮಕ್ಕಳಿಗೆ ಈ ಲೆಕ್ಕವನ್ನು ಇವತ್ತೇ ಹೇಳಿಕೊಡಿ.