ಬಸ್ಸು ಕಾಯುವವರ ಲೆಕ್ಕ

ಮುಂಬಯಿಯಲ್ಲಿ ನೆಲಸಿರುವ ನಮ್ಮವರಲ್ಲಿ, ಬಸ್ ನಿಲ್ದಾಣದ ಕಂಬಕ್ಕೆ ಒರಗಿ ನಿಂತು ಬಾರದ ಬಸ್ಸನ್ನು ಶಪಿಸದವರು ಯಾರಿದ್ದಾರೆ? 1926ರ ಜುಲೈ 15ರಂದು ಅಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರುಕಟ್ಟೆಯವರೆಗೆ ಈ ನಗರದ ಮೊದಲ ಮೋಟಾರು ಬಸ್ಸು ಓಡಿದಂದಿನಿಂದ ಇಲ್ಲಿನ ಜನ ಕಾಯುತ್ತಲೇ ಬಂದಿದ್ದಾರೆ. ಆದರೂ ಕಾದರೆ ಬಸ್ಸು ಬಂದೀತೆಂಬ ನಂಬಿಕೆ ಇಲ್ಲಿದೆ. ಆ ನಂಬಿಕೆಯೂ ಒಂದು ಸೌಭಾಗ್ಯವೆಂಬುದು ನನಗೆ ಮನವರಿಕೆಯಾದುದು, ಬ್ಯಾಂಕಿನ ವರ್ಗಾವಣೆಯ ಮೇಲೆ ನಾಸಿಕ ಜಿಲ್ಲೆಯ ಮಾಲೇಗಾಂವಿಗೆ ಹೋದಾಗ.

ಮಾಲೇಗಾಂವ್ ಸಣ್ಣ ಊರಲ್ಲ. 2011ರ ಜನಗಣತಿಯಲ್ಲಿಯೇ ಅದರ ಜನಸಂಖ್ಯೆ 4 ಲಕ್ಷ 80 ಸಾವಿರವನ್ನು ದಾಟಿತ್ತು. ಮೋಸಮ್ ನದಿ ಊರನ್ನು ಇಬ್ಭಾಗವಾಗಿ ಸೀಳಿ ಹರಿಯುತ್ತದೆ. ಪೂರ್ವಕ್ಕೆ ವಿದ್ಯುತ್ ಮಗ್ಗಗಳ ಇಕ್ಕಟ್ಟಾದ ಮೊಹಲ್ಲಾಗಳು. ಪಶ್ಚಿಮಕ್ಕೆ ಕ್ಯಾಂಪ್, ಸೋಯಗಾಂವ್ ಮೊದಲಾದ ಬಡಾವಣೆಗಳು. ಮುಂಬಯಿ-ಆಗ್ರಾ ಹೆದ್ದಾರಿಯ ಮೇಲಿರುವುದರಿಂದ ಹೊರ ಊರುಗಳಿಗೆ ಎಸ್.ಟಿ. ಬಸ್ಸುಗಳಿಗೆ ಕೊರತೆಯಿಲ್ಲ. ಊರೊಳಗಿನ ಓಡಾಟ ಮಾತ್ರ, ನಾನಿದ್ದ ದಿನಗಳಲ್ಲಿ, ಹೆಚ್ಚಾಗಿ ಸೀಟಿನ ಲೆಕ್ಕದ ರಿಕ್ಷಾಗಳಲ್ಲಿಯೇ ನಡೆಯುತ್ತಿತ್ತು.

ನಮ್ಮ ಶಾಖೆಗೆ ತಿಂಗಳಿಗೊಮ್ಮೆ ಬರುತ್ತಿದ್ದ ವೃದ್ಧರೊಬ್ಬರು ಮಗ್ಗದ ಹತ್ತಿಯ ಧೂಳಿನಲ್ಲಿ ಆಯುಷ್ಯ ಸವೆಸಿ ಶ್ವಾಸಕೋಶವನ್ನು ಕೆಡಿಸಿಕೊಂಡವರು. ಬಂದವರೇ ಬೆಂಚಿನ ಮೇಲೆ ಕುಳಿತು, ಏದುಸಿರು ಅಡಗಿದ ಮೇಲೆಯೇ ಪಾಸ್‌ಬುಕ್ಕನ್ನು ಹೊರತೆಗೆಯುತ್ತಿದ್ದರು. ಮನೆಯಿಂದ ಬರಲು ಎರಡು ರಿಕ್ಷಾ ಹಿಡಿಯಬೇಕು. ಎರಡನೆಯದರ ಹಣ ಉಳಿಸಲೆಂದು ಅವರು ಮೋಸಮ್ ಸೇತುವೆಯಿಂದ ನಡೆದೇ ಬರುತ್ತಿದ್ದರು. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಮಾನ 42 ಡಿಗ್ರಿ ಮುಟ್ಟುವ ಊರದು. “ಸಾಹೇಬ್, ನಾಸಿಕಕ್ಕೆ ಹೋಗುವುದು ಸುಲಭ, ನಮ್ಮೂರಿನ ಆಸ್ಪತ್ರೆಗೆ ಹೋಗುವುದೇ ಕಷ್ಟ” ಎಂದು ಒಮ್ಮೆ ನಕ್ಕರು. ವಾಣಿಜ್ಯ ಪದವೀಧರನಾದ ನಾನು ಬಸ್ಸಿನ ಲೆಕ್ಕ ಹಾಕತೊಡಗಿದುದು ಅಂದಿನಿಂದ.

ಆ ಲೆಕ್ಕ ಕಠಿಣವೇನಲ್ಲ. 8 ಕಿಲೋಮೀಟರಿನ ಒಂದು ಮಾರ್ಗವಿದೆಯೆನ್ನೋಣ. ನಿಲುಗಡೆಗಳನ್ನು ಸೇರಿಸಿ ಬಸ್ಸಿನ ವೇಗ ಗಂಟೆಗೆ 12 ಕಿಲೋಮೀಟರಾದರೆ ಹೋಗಲು 40 ನಿಮಿಷ, ಬರಲು 40 ನಿಮಿಷ. ಎರಡು ತುದಿಗಳಲ್ಲಿ ಐದೈದು ನಿಮಿಷದ ವಿಶ್ರಾಂತಿ. ಒಟ್ಟು 90 ನಿಮಿಷ. 15 ನಿಮಿಷಕ್ಕೊಂದು ಬಸ್ಸು ಬೇಕಾದರೆ 6 ಬಸ್ಸುಗಳು ಬೇಕು. ಈಗ ರಸ್ತೆಯಂಚಿನ ಕೈಗಾಡಿಗಳನ್ನೂ ಅಡ್ಡಾದಿಡ್ಡಿ ನಿಂತ ವಾಹನಗಳನ್ನೂ ಸರಿಸಿ ವೇಗವನ್ನು 16 ಕಿಲೋಮೀಟರಿಗೆ ಏರಿಸಿದೆವೆನ್ನಿ. ಸುತ್ತು 70 ನಿಮಿಷಕ್ಕೆ ಇಳಿಯುತ್ತದೆ. 5 ಬಸ್ಸುಗಳಿಂದಲೇ 14 ನಿಮಿಷಕ್ಕೊಂದು ಸೇವೆ ದೊರೆಯುತ್ತದೆ. ಆರನೆಯ ಬಸ್ಸಿನ ಬೆಲೆ, ಚಾಲಕರ ಸಂಬಳ ಎರಡೂ ಉಳಿತಾಯ. ಹೊಸ ಬಸ್ಸಿಗೆ ಹಸಿರು ನಿಶಾನೆ ತೋರಿದರೆ ಪತ್ರಿಕೆಯಲ್ಲಿ ಭಾವಚಿತ್ರ ಬರುತ್ತದೆ. ಕೈಗಾಡಿ ಸರಿಸಿದವರ ಭಾವಚಿತ್ರವನ್ನು ಯಾರು ಹಾಕುತ್ತಾರೆ?

ಇನ್ನೊಂದು ಸೂಕ್ಷ್ಮವಿದೆ. 15 ನಿಮಿಷಕ್ಕೊಂದರಂತೆ ಕ್ರಮವಾಗಿ ಬಸ್ಸು ಬಂದರೆ ಪ್ರಯಾಣಿಕನು ಸರಾಸರಿ ಏಳೂವರೆ ನಿಮಿಷ ಕಾಯುತ್ತಾನೆ. ಅವೇ ಬಸ್ಸುಗಳು ಅರ್ಧ ಗಂಟೆಗೊಮ್ಮೆ ಜೋಡಿಯಾಗಿ ಬಂದರೆ ಕಾಯುವ ಕಾಲ 15 ನಿಮಿಷ! ಲೆಕ್ಕಪುಸ್ತಕದಲ್ಲಿ ಎರಡೂ ಒಂದೇ: ಅಷ್ಟೇ ಬಸ್ಸು, ಅಷ್ಟೇ ಡೀಸೆಲ್. ವ್ಯತ್ಯಾಸವೆಲ್ಲ ನಿಂತವನ ಮೊಣಕಾಲಿಗೆ ಬೀಳುತ್ತದೆ.

ಮಾರ್ಗಗಳ ವಿನ್ಯಾಸವೂ ಮುಖ್ಯ. ನಮ್ಮ ಬೆಂಗಳೂರನ್ನೇ ನೋಡಿ. ಒಂದು ಕಾಲಕ್ಕೆ ಯಾವ ಮೂಲೆಯಿಂದ ಯಾವ ಮೂಲೆಗೆ ಹೋಗುವುದಿದ್ದರೂ ಮೆಜೆಸ್ಟಿಕ್ ಇಲ್ಲವೇ ಮಾರ್ಕೆಟ್ಟಿನ ದರ್ಶನ ತಪ್ಪುತ್ತಿರಲಿಲ್ಲ. ಹೊರ ವರ್ತುಲ ರಸ್ತೆಯ ಮೇಲೆ 500ರ ಸರಣಿಯ ಬಸ್ಸುಗಳು ಓಡತೊಡಗಿದ ಮೇಲೆ ಆ ಪ್ರದಕ್ಷಿಣೆ ಅನೇಕರಿಗೆ ತಪ್ಪಿತು. ಸ್ಪೇನ್ ದೇಶದ ಬಾರ್ಸಿಲೋನಾ ನಗರವು 2012ರಿಂದ 2018ರ ನಡುವೆ ತನ್ನ ಬಸ್ ಜಾಲವನ್ನು ಚದುರಂಗದ ಹಾಸಿನಂತೆ ಹೊಸದಾಗಿ ಹೆಣೆದು, ಅಡ್ಡ, ಉದ್ದ, ಓರೆಯಾಗಿ 28 ಮುಖ್ಯ ಮಾರ್ಗಗಳನ್ನು ರಚಿಸಿತು. ಒಮ್ಮೆ ಬಸ್ಸು ಬದಲಿಸಿದರೆ ಬಹುಪಾಲು ನಗರವನ್ನು ತಲುಪಬಹುದೆಂಬುದು ಅದರ ತತ್ತ್ವ. ಆದರೆ ಬದಲಿಸಿದಾಗಲೆಲ್ಲ ಹೊಸ ಟಿಕೇಟು ಕೊಳ್ಳಬೇಕಾದರೆ ಬಡವನು ಸೇತುವೆಯಿಂದ ನಡೆದೇ ಹೋಗುತ್ತಾನೆ. ಬೆಂಗಳೂರಿನ ದಿನದ ಪಾಸಿನಂತಹ ಏರ್ಪಾಡು ಅದಕ್ಕಾಗಿಯೇ ಬೇಕು.

ಹಣ ಎಲ್ಲಿಂದ ಎಂಬ ಪ್ರಶ್ನೆ ಬ್ಯಾಂಕಿನವನಿಗೆ ತಪ್ಪದು. ಛತ್ರಪತಿ ಸಂಭಾಜಿನಗರದಲ್ಲಿ (ಆಗಿನ್ನೂ ಔರಂಗಾಬಾದ್) 2019ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ನಗರ ಬಸ್ಸುಗಳು ಆರಂಭವಾದವು. ನಾಸಿಕದಲ್ಲಿ ಎಸ್.ಟಿ. ನಡೆಸುತ್ತಿದ್ದ ನಗರ ಸೇವೆಯ ಹೊಣೆಯನ್ನು ಮಹಾನಗರ ಪಾಲಿಕೆ ಹೊತ್ತು, 2021ರ ಜುಲೈ 8ರಂದು ‘ಸಿಟಿಲಿಂಕ್’ ಆರಂಭಿಸಿತು. ಅಲ್ಲಿ ಗುತ್ತಿಗೆದಾರನಿಗೆ ಸಿಗುವುದು ಓಡಿಸಿದ ಕಿಲೋಮೀಟರಿನ ಲೆಕ್ಕದ ಹಣ; ಟಿಕೇಟಿನ ಆದಾಯವೂ ನಷ್ಟವೂ ಪಾಲಿಕೆಯ ಕಡೆಗೆ. ತುಂಬಿದ ಮಾರ್ಗಕ್ಕೆ ಮುಗಿಬಿದ್ದು ಖಾಲಿ ಮಾರ್ಗವನ್ನು ಕೈಬಿಡುವ ಆಸೆ ಇದರಿಂದ ತಗ್ಗುತ್ತದೆ. ನಷ್ಟವನ್ನು ಮೊದಲೇ ಒಪ್ಪಿ ಆಯವ್ಯಯ ಪತ್ರದಲ್ಲಿ ಬರೆದಿಡಬೇಕು. ಬೀದಿದೀಪದಿಂದ ಲಾಭವೆಷ್ಟೆಂದು ಯಾರೂ ಕೇಳುವುದಿಲ್ಲವಷ್ಟೆ.

ಆದರೆ ನಾಸಿಕದ ವೇಳಾಪಟ್ಟಿಯನ್ನು ಹಾಗೆಯೇ ಮಾಲೇಗಾಂವಿಗೆ ಅಂಟಿಸಿದರೆ ಕೆಲಸ ಕೆಡುತ್ತದೆ. ಅಲ್ಲಿ ಮಗ್ಗಗಳಿಗೆ ರಜೆ ಶುಕ್ರವಾರ, ಭಾನುವಾರವಲ್ಲ. ಕೆಲಸ 12 ಗಂಟೆಗಳ ಎರಡು ಪಾಳಿ. ಪಾಳಿ ಬದಲಾಗುವ ಹೊತ್ತಿಗೇ ಜನಸಂದಣಿ. ಹತ್ತಿರದ ದೊಡ್ಡ ರೈಲು ನಿಲ್ದಾಣ ಮನಮಾಡ್ ಸುಮಾರು 35-40 ಕಿಲೋಮೀಟರ್ ದೂರ. ರಾತ್ರಿ ರೈಲಿನಿಂದ ಇಳಿದವನಿಗೆ ಹೊಂದಿಕೆಯಾಗುವ ಬಸ್ಸು ಬೇಕು. ಎಲ್ಲಕ್ಕಿಂತ ಮೊದಲು, ಸೇತುವೆಯಲ್ಲಿ ತುಂಡಾಗದೆ ಪೂರ್ವದ ಮೊಹಲ್ಲಾಗಳಿಂದ ಪಶ್ಚಿಮದ ತುದಿಯವರೆಗೆ ಓಡುವ ಒಂದು ನೇರ ಮಾರ್ಗ ಬೇಕು. ಕಿರಿದಾದ ಗಲ್ಲಿಗಳಿಗೆ ದೊಡ್ಡ ಬಸ್ಸು ನುಗ್ಗದು; ಅಲ್ಲಿ ಸಣ್ಣ ಬಸ್ಸು ಸಾಕು, ಇಲ್ಲವೇ ಈಗಿರುವ ರಿಕ್ಷಾಗಳೇ ಮುಖ್ಯ ರಸ್ತೆಯವರೆಗೆ ಜನರನ್ನು ತಂದು ಬಿಡಲಿ. ರಿಕ್ಷಾದವರ ಅನ್ನಕ್ಕೆ ಕಲ್ಲು ಹಾಕುವ ಯೋಜನೆ ಒಂದು ವಾರವೂ ನಡೆಯದು.

ವರ್ಗವಾಗಿ ಹೊರಡುವ ಮುನ್ನ ಈ ಮಾರ್ಗವನ್ನು ಹಣ ಕಟ್ಟುವ ಚೀಟಿಯೊಂದರ ಬೆನ್ನಿಗೆ ಗೀಚಿ ಆ ವೃದ್ಧರಿಗೆ ತೋರಿಸಿದೆ. ಸುತ್ತಿಗೆಷ್ಟು ನಿಮಿಷ, ಬಸ್ಸೆಷ್ಟು ಎಂದೆಲ್ಲ ಉತ್ಸಾಹದಿಂದ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ತಮ್ಮ ಮೊಹಲ್ಲಾದ ಗುರುತಿನ ಮೇಲೆ ಬೆರಳಿಟ್ಟು, “ಇಲ್ಲಿ ಕುಳಿತುಕೊಳ್ಳಲು ಒಂದು ಕಟ್ಟೆ ಇರುತ್ತದೆಯೇ, ಸಾಹೇಬ್?” ಎಂದು ಕೇಳಿದರು. ನನ್ನ ನಕ್ಷೆಯಲ್ಲಿ ಅದು ಇರಲಿಲ್ಲ. ಪೆನ್ನು ತೆಗೆದು ಸೇರಿಸಿದೆ.