ಗುಜರಿಗೆ ಹಾಕುವ ಮುನ್ನ ಆ ಸೈರನ್ನಿನ ಕಿಂಡಿ ಎಣಿಸಿ!



2025ರ ಮೇ 7 ನೆನಪಿದೆಯಾ? ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ. ನಮ್ಮ ರಾಜ್ಯದಿಂದ ಬೆಂಗಳೂರು, ಕಾರವಾರ, ರಾಯಚೂರು ಆ ಪಟ್ಟಿಯಲ್ಲಿದ್ದವು. ಅವತ್ತು ಇಡೀ ದಿನ ನಾವು ಟಿವಿಯಲ್ಲಿ ಸೈರನ್ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಕಾರ್ಯಕ್ರಮ ಮುಗಿಸಿ ಮನೆಗೆ ಹೋದರೆ ನಮ್ಮಮ್ಮ ಕೇಳಿದ್ರು: "ಅಷ್ಟೆಲ್ಲಾ ಹೇಳಿದೆಯಲ್ಲ, ಅದು ಕೂಗೋದು ಹೇಗೆ ಅಂತ ಹೇಳಲೇ ಇಲ್ವಲ್ಲೋ?"

ಇಂಜಿನಿಯರಿಂಗ್ ಓದಿದವನಿಗೆ ಇದಕ್ಕಿಂತ ಅವಮಾನ ಬೇಕಾ ಹೇಳಿ! ಆ ರಾತ್ರಿ ಓದೋಕೆ ಕೂತೆ. ಓದುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಒಂದು ವಿಚಿತ್ರ ಹವ್ಯಾಸ. ಅಲ್ಲಿ ಕೆಲವರು ಅಂಚೆಚೀಟಿ ಕೂಡಿಡುವ ಹಾಗೆ ಅಗ್ನಿಶಾಮಕ ಠಾಣೆಗಳ ಹಳೇ ಸೈರನ್ ಕೂಡಿಡುತ್ತಾರೆ. ಹುಚ್ಚು ಅಂತೀರಾ? ಸ್ವಲ್ಪ ತಾಳಿ.

ಮೊದಲು, ಅಲ್ಲಿ ಠಾಣೆಯ ಮಾಡಿನ ಮೇಲೆ ಸೈರನ್ ಯಾಕೆ ಬಂತು? ಅಮೆರಿಕದ ಬೆಂಕಿ ಆರಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂಬಳದವರಲ್ಲ, ಸ್ವಯಂಸೇವಕರು. ಹಗಲು ಹೊಲದಲ್ಲಿ, ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ ದುಡಿಯುವವರು. ಬೆಂಕಿ ಬಿದ್ದಾಗ ಇವರನ್ನು ಕರೆಯೋದು ಹೇಗೆ? ಹಿಂದೆ ಗಂಟೆ ಬಾರಿಸುತ್ತಿದ್ದರು. ಎಷ್ಟೋ ಊರುಗಳಲ್ಲಿ ರೈಲು ಇಂಜಿನ್ ಚಕ್ರದ ಉಕ್ಕಿನ ಪಟ್ಟಿ ನೇತುಹಾಕಿ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ನಮ್ಮ ಸರ್ಕಾರಿ ಶಾಲೆಗಳಲ್ಲಿ ರೈಲು ಕಂಬಿಯ ತುಂಡೇ ಗಂಟೆಯಾಗಿತ್ತಲ್ಲ, ಹಾಗೇ. ಆಮೇಲೆ ವಿದ್ಯುತ್ ಬಂತು, ಮೋಟಾರ್ ಬಂತು, ಸೈರನ್ ಬಂತು. ಅದು ಕೂಗಿದರೆ ಕೈಲಿದ್ದ ಕೆಲಸ ಬಿಟ್ಟು ಓಡಬೇಕು. ಅಷ್ಟೇ ಒಪ್ಪಂದ.

ಸೈರನ್ ಅನ್ನುವ ಹೆಸರಿಟ್ಟವನು ಫ್ರಾನ್ಸಿನ ಕಾನ್ಯಾರ್ ದ ಲ ತೂರ್, 1819ರಲ್ಲಿ. ಅವನ ಯಂತ್ರ ನೀರಿನೊಳಗೂ ಹಾಡುತ್ತಿತ್ತು. ಹಾಗಾಗಿ ಗ್ರೀಕ್ ಪುರಾಣದಲ್ಲಿ ಹಾಡಿ ನಾವಿಕರನ್ನು ಸಾವಿಗೆ ಸೆಳೆಯುವ ಸಮುದ್ರದ ಮಾಯಾವಿನಿಯರ ಹೆಸರು. ತಮಾಷೆ ನೋಡಿ, ಸಾವಿಗೆ ಕರೆಯುವವರ ಹೆಸರಿಟ್ಟುಕೊಂಡ ಯಂತ್ರ ಜೀವ ಉಳಿಸೋಕೆ ಕರೆಯುತ್ತೆ.

ಈಗ ಅಮ್ಮನ ಪ್ರಶ್ನೆ. ಸೈರನ್ನಿನೊಳಗೆ ಸ್ಪೀಕರ್ ಇಲ್ಲ, ಪೀಪಿ ಇಲ್ಲ. ಗಾಳಿ ಕತ್ತರಿಸುವ ಒಂದು ಚಕ್ರ ಇದೆ. ಸುತ್ತ ಕಿಂಡಿಗಳಿರುವ ಒಂದು ಡಬ್ಬಿ; ಅದರೊಳಗೆ ಅಷ್ಟೇ ಕಿಂಡಿಗಳ ಇನ್ನೊಂದು ಚಕ್ರ. ಒಳಗಿನದು ತಿರುಗುವಾಗ ಕಿಂಡಿಗೆ ಕಿಂಡಿ ಕೂಡಿದರೆ ಗಾಳಿ ಹೊರಗೆ ನುಗ್ಗುತ್ತೆ. ಕೂಡದಿದ್ದರೆ ನಿಲ್ಲುತ್ತೆ. ನುಗ್ಗು, ನಿಲ್ಲು, ನುಗ್ಗು, ನಿಲ್ಲು. ಸೆಕೆಂಡಿಗೆ ನೂರಾರು ಸಲ ಹೀಗಾದರೆ ಅದೇ ಸ್ವರ. ಲೆಕ್ಕ ಸುಲಭ: ಕಿಂಡಿಗಳ ಸಂಖ್ಯೆಯನ್ನು ಸೆಕೆಂಡಿಗೆ ಎಷ್ಟು ಸುತ್ತು ಅನ್ನೋದರಿಂದ ಗುಣಿಸಿ. 10 ಕಿಂಡಿ, ಸೆಕೆಂಡಿಗೆ 60 ಸುತ್ತು ಅಂದರೆ 600 ಹರ್ಟ್ಸ್. ಶುರುವಿನಲ್ಲಿ ಮೋಟಾರ್ ನಿಧಾನ, ಸ್ವರ ತಗ್ಗು. ವೇಗ ಏರಿದಂತೆ ಸ್ವರವೂ ಏರುತ್ತೆ. ಆ ಏರುವ ಕೂಗು ಬರೋದು ಹೀಗೆ.

ಕೂಡಿಡುವವರ ಮೊದಲ ಪಾಠವೂ ಇದೇ: ಕಿಂಡಿ ಎಣಿಸು. ಷಿಕಾಗೋದ ಫೆಡರಲ್ ಕಂಪನಿಯ ಎಷ್ಟೋ ಜೋಡಿಸ್ವರದ ಸೈರನ್‌ಗಳಲ್ಲಿ ಒಂದು ಕಡೆ 10 ಕಿಂಡಿ, ಇನ್ನೊಂದು ಕಡೆ 12. ಅಂದರೆ 5ಕ್ಕೆ 6ರ ಅನುಪಾತ. ಸಂಗೀತ ಬಲ್ಲವರು ಕಿವಿ ನಿಮಿರಿಸಿ! ಇದು ನಮ್ಮ ಕರ್ನಾಟಕ ಸಂಗೀತದ ಷಡ್ಜ ಮತ್ತು ಸಾಧಾರಣ ಗಾಂಧಾರದ ನಡುವಿನ ಅಂತರ. ಆ ಕೂಗಿನಲ್ಲಿ ಒಂದು ಥರ ಅಳು ಕೇಳಿಸುವುದು ಸುಮ್ಮನೆ ಅಲ್ಲ.

ಎರಡನೇ ಪಾಠ, ಹೆಸರಿನ ತಗಡು. ಫೆಡರಲ್ ಕಂಪನಿ 1901ರಲ್ಲಿ ಫೆಡರಲ್ ಎಲೆಕ್ಟ್ರಿಕ್ ಅಂತ ಶುರುವಾಯ್ತು. 1955ರಲ್ಲಿ ಫೆಡರಲ್ ಸೈನ್ ಅಂಡ್ ಸಿಗ್ನಲ್ ಆಯ್ತು. 1970ರ ದಶಕದ ಮಧ್ಯದಲ್ಲಿ ಫೆಡರಲ್ ಸಿಗ್ನಲ್ ಆಯ್ತು. ತಗಡಿನ ಮೇಲೆ ಯಾವ ಹೆಸರಿದೆ ಅಂತ ಓದಿದರೆ ಸಾಕು, ಸೈರನ್ ಸುಮಾರು ಯಾವ ಕಾಲದ್ದು ಅಂತ ಗೊತ್ತಾಗುತ್ತೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ ಸ್ಟರ್ಲಿಂಗ್ ಕಂಪನಿಯ ಹೆಸರಿನಲ್ಲಂತೂ 'ಸೈರನ್ ಫೈರ್ ಅಲಾರಂ' ಅನ್ನುವ ಮಾತೇ ಸೇರಿತ್ತು.

ಮೂರನೇ ಪಾಠ, ತಗಡನ್ನು ಪೂರ್ತಿ ನಂಬಬೇಡಿ. ತಗಡು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕೋದು ಎಷ್ಟು ಹೊತ್ತಿನ ಕೆಲಸ? ಎರಕದ ಮೇಲೆ ಮೂಡಿರುವ ಅಕ್ಷರ, ಮೋಟಾರಿನ ಮೇಲಿನ ವೋಲ್ಟೇಜು, ಸಿಂಗಲ್ ಫೇಸಾ ತ್ರೀ ಫೇಸಾ, ಬೋಲ್ಟ್ ತೂತುಗಳು, ಬಣ್ಣದ ಪದರಗಳು, ಇವೆಲ್ಲ ಒಂದೇ ಕಥೆ ಹೇಳಬೇಕು. ಒಂದು ಬೇರೆ ಕಥೆ ಹೇಳಿದರೆ ಎಲ್ಲೋ ಕೈವಾಡ ನಡೆದಿದೆ ಅಂತಲೇ ಅರ್ಥ.

ಎಲ್ಲ ಸೈರನ್ನೂ ಠಾಣೆಯದ್ದಲ್ಲ. ಶೀತಲ ಸಮರದ ಹೊತ್ತಿಗೆ, ಬಾಂಬ್ ದಾಳಿಯ ಎಚ್ಚರಿಕೆಗೆ ದೈತ್ಯ ಯಂತ್ರಗಳು ಬಂದವು. 1952ರ ಕ್ರೈಸ್ಲರ್ ಸೈರನ್ ಇದೆಯಲ್ಲ, ಅದಕ್ಕೆ ಕಾರಿನ ವಿ-8 ಇಂಜಿನ್, 180 ಅಶ್ವಶಕ್ತಿ! 100 ಅಡಿ ದೂರದಲ್ಲಿ 138 ಡೆಸಿಬೆಲ್. ಅದೇ ವರ್ಷ ಫೆಡರಲ್‌ನವರ ಥಂಡರ್‌ಬೋಲ್ಟ್ ಬಂತು. ಇವುಗಳ ಮುಂದೆ ಠಾಣೆಯ ಸೈರನ್ ಗುಬ್ಬಿ. ಆದರೆ ಬಾಂಬಿಗಾಗಿ ಕಾದ ದೈತ್ಯಗಳು ಬಹುಪಾಲು ಪರೀಕ್ಷೆಗೇ ಕೂಗಿದವು. ನಿಜವಾದ ಬೆಂಕಿಗೆ ಜನರನ್ನು ಕರೆದು ಕರೆದು ಸವೆದದ್ದು ಈ ಗುಬ್ಬಿ.

ಆಮೇಲೆ ಸೊಂಟಕ್ಕೆ ಪೇಜರ್ ಬಂತು, ಜೇಬಿಗೆ ಮೊಬೈಲ್ ಬಂತು. ಮಾಡಿನ ಮೇಲಿನ ಸೈರನ್ನಿನಲ್ಲಿ ಹಕ್ಕಿ ಗೂಡು ಕಟ್ಟಿತು. ಕೊನೆಗೆ ಗುಜರಿ. ಗುಜರಿಯವನಿಗೆ ಅದು ಇಷ್ಟು ಕೆಜಿ ಅಲ್ಯೂಮಿನಿಯಂ, ಇಷ್ಟು ಕೆಜಿ ತಾಮ್ರ. ಕೂಡಿಡುವವರು ಅಡ್ಡ ಬರೋದು ಈ ಹಂತದಲ್ಲಿ.

ಒಳ್ಳೆಯ ಹವ್ಯಾಸಿ ಏನು ಮಾಡ್ತಾನೆ? ಸೇವೆಯಲ್ಲಿರುವ ಸೈರನ್ ಮೇಲೆ ಕಣ್ಣು ಹಾಕಲ್ಲ. ಠಾಣೆಯವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೋತಾನೆ. ಇಳಿಸುವ ಮುಂಚೆ ಫೋಟೋ ತೆಗೀತಾನೆ. ಮನೆಗೆ ತಂದ ತಕ್ಷಣ ಕರೆಂಟ್ ಕೊಡಲ್ಲ. ಮೊದಲು ಚಕ್ರವನ್ನು ಕೈಯಲ್ಲಿ ತಿರುಗಿಸಿ ಎಲ್ಲಾದರೂ ಉಜ್ಜುತ್ತಾ ಅಂತ ನೋಡ್ತಾನೆ, ಬೇರಿಂಗ್ ನೋಡ್ತಾನೆ, ವೈಂಡಿಂಗಿನ ಇನ್ಸುಲೇಷನ್ ಪರೀಕ್ಷೆ ಮಾಡಿಸ್ತಾನೆ. ಒಡಕು ಬಿಟ್ಟ ಚಕ್ರ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಿದರೆ ಅದು ಸೈರನ್ ಅಲ್ಲ, ಬಾಂಬು.

ಕಿವಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಸೈರನ್ನಿನ ಡೆಸಿಬೆಲ್ ಹೇಳೋದು 100 ಅಡಿ ದೂರದ ಲೆಕ್ಕದಲ್ಲಿ. ದೂರ ಅರ್ಧವಾದರೆ ಸದ್ದು 6 ಡೆಸಿಬೆಲ್ ಏರುತ್ತೆ. 100 ಅಡಿಯಲ್ಲಿ 100 ಡೆಸಿಬೆಲ್ ಇದ್ದದ್ದು 10 ಅಡಿಯಲ್ಲಿ ಸುಮಾರು 120! ಕಿವಿಗೆ ರಕ್ಷಣೆ ಇಲ್ಲದೆ ಪಕ್ಕದಲ್ಲಿ ನಿಂತು ಸ್ವಿಚ್ ಒತ್ತುವವನು ಕೇಳುವ ಶಕ್ತಿಯನ್ನೇ ಪಣಕ್ಕಿಟ್ಟ ಹಾಗೆ.

ಇನ್ನು ಎಲ್ಲಕ್ಕಿಂತ ದೊಡ್ಡ ನಿಯಮ: ಊರಿಗೆ ಹೇಳದೆ ಕೂಗಿಸಬಾರದು. ಯಾಕೆ? ಎರಡು ಘಟನೆ ಹೇಳ್ತೀನಿ.

2017ರ ಏಪ್ರಿಲ್ 7, ಅಮೆರಿಕದ ಡಲ್ಲಾಸ್. ಮಧ್ಯರಾತ್ರಿ ಹತ್ತಿರ ನಗರದ 156 ಸೈರನ್‌ಗಳು ಒಟ್ಟಿಗೇ ಕೂಗಿದವು. ಯಾವ ಅಪಾಯವೂ ಇರಲಿಲ್ಲ. ಯಾರೋ ಹ್ಯಾಕ್ ಮಾಡಿದ್ದರು. ತುರ್ತು ಸಹಾಯವಾಣಿಗೆ 4,000ಕ್ಕೂ ಹೆಚ್ಚು ಕರೆ. ಆ ಗದ್ದಲದಲ್ಲಿ ನಿಜವಾಗಿ ಆಂಬ್ಯುಲೆನ್ಸ್ ಬೇಕಿದ್ದವನ ಗತಿ ಏನು?

2023ರ ಆಗಸ್ಟ್ 8, ಹವಾಯಿಯ ಮಾವಿ ದ್ವೀಪ. ಲಹೈನಾ ಪಟ್ಟಣಕ್ಕೆ ಕಾಡ್ಗಿಚ್ಚು ನುಗ್ಗಿತು. ದ್ವೀಪದಲ್ಲಿ ಸುಮಾರು 80 ಸೈರನ್ ಇದ್ದವು. ಒಂದೂ ಕೂಗಲಿಲ್ಲ. ಕೆಟ್ಟು ನಿಂತಿದ್ದಕ್ಕಲ್ಲ, ಕೂಗಿಸಲೇ ಇಲ್ಲ. ಸೈರನ್ ಕೇಳಿದರೆ ಸುನಾಮಿ ಅಂದುಕೊಂಡು ಜನ ಬೆಟ್ಟದ ಕಡೆ, ಅಂದರೆ ಬೆಂಕಿಯ ಕಡೆಗೇ ಓಡುತ್ತಿದ್ದರು ಅನ್ನೋದು ಅಧಿಕಾರಿಯ ಸಮಜಾಯಿಷಿ. ಸತ್ತವರು 100ಕ್ಕೂ ಹೆಚ್ಚು.

ಒಂದು ಕಡೆ ಕಾರಣವಿಲ್ಲದೆ ಕೂಗಿತು. ಇನ್ನೊಂದು ಕಡೆ ಕಾರಣವಿದ್ದೂ ಕೂಗಲಿಲ್ಲ. ಎರಡೂ ಕಡೆ ಯಂತ್ರ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಕೂಗಿಗೂ ಜನಕ್ಕೂ ಇರಬೇಕಾದ ಒಪ್ಪಂದ.

ಆ ಒಪ್ಪಂದ ಊರಿಂದ ಊರಿಗೆ ಬೇರೆ. ಅಮೆರಿಕದಲ್ಲಿ ಏರಿಳಿತವಿಲ್ಲದ ಉದ್ದನೆಯ ಕೂಗು ಅಂದರೆ 'ಎಚ್ಚರ, ಗಮನ ಕೊಡಿ'. ನಮ್ಮ ನಾಗರಿಕ ರಕ್ಷಣೆಯಲ್ಲಿ ಅಂಥದ್ದೇ ಕೂಗಿಗೆ 'ಅಪಾಯ ಮುಗಿಯಿತು' ಅನ್ನೋ ಅರ್ಥ. ಏರಿ ಇಳಿಯುವ ಕೂಗೇ ಅಪಾಯದ್ದು. ಮೇ 7ಕ್ಕೆ ಮೊದಲು ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಸತ್ಯ ಹೇಳ್ತೀನಿ, ನನಗೂ ಗೊತ್ತಿರಲಿಲ್ಲ.

ಅದಕ್ಕೇ ಈ ಹವ್ಯಾಸಿಗಳನ್ನು ಹುಚ್ಚರು ಅನ್ನೋಕೆ ನನಗೆ ಮನಸ್ಸು ಬರ್ತಿಲ್ಲ. ಯಂತ್ರದ ಜೊತೆಗೆ ಅದು ಯಾವ ಊರಿನ ಮಾಡಿನ ಮೇಲಿತ್ತು, ಎಷ್ಟು ಕೂಗಿಗೆ ಏನರ್ಥ, ಯಾರು ಓಡಿ ಬರ್ತಿದ್ದರು ಅನ್ನೋದನ್ನೂ ಬರೆದಿಟ್ಟುಕೊಂಡರೆ ಮಾತ್ರ ಅದು ಸಂಗ್ರಹ. ಊರಿನ ಹೆಸರಿಲ್ಲದಿದ್ದರೆ ಬರೀ ಲೋಹ.

ನಮ್ಮಲ್ಲೂ ಕೂಗಿದ್ದವು. ದಾವಣಗೆರೆಯ ಬಟ್ಟೆ ಗಿರಣಿಗಳು, ಕೆಜಿಎಫ್‌ನ ಚಿನ್ನದ ಗಣಿ. ಪಾಳಿ ಬದಲಾಗೋದು, ಮನೆಯಲ್ಲಿ ಒಲೆ ಹಚ್ಚೋದು, ಮಕ್ಕಳು ಶಾಲೆಗೆ ಹೊರಡೋದು, ಎಲ್ಲದಕ್ಕೂ ಅದೇ ಗಡಿಯಾರ. ಆ ಕೂಗು ಕೇಳಿ ಬೆಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಕೂರಿಸಿಕೊಂಡು ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವುದಾದರೂ ಹಳೇ ಕಟ್ಟಡದ ಮೇಲೆ ತುಕ್ಕು ಹಿಡಿದ ಸೈರನ್ ಕಂಡರೆ ಗುಜರಿಯವನಿಗಿಂತ ಮುಂಚೆ ನೀವು ಹೋಗಿ. ತಗಡು ಓದಿ, ಕಿಂಡಿ ಎಣಿಸಿ, ಫೋಟೋ ತೆಗೆಯಿರಿ.

ಹಾಗೇ ನಿಮ್ಮ ಊರಿನ ಅಗ್ನಿಶಾಮಕ ಠಾಣೆಗೂ ಒಮ್ಮೆ ಹೋಗಿ ಕೇಳಿ: "ಸಾರ್, ನಾಳೆ ಏನಾದ್ರೂ ಆದ್ರೆ ನಮಗೆ ಗೊತ್ತಾಗೋದು ಹೇಗೆ?" ಕೇಳೋದು ನಿಮ್ಮ ಹಕ್ಕು. ಉತ್ತರ ಇರಬೇಕಾದದ್ದು ಅವರ ಹತ್ತಿರ.