ಹೆಸರಿಲ್ಲದ ಜೀರುಂಡೆಗೆ ಹೆಸರಿಡುವ ವಿದ್ಯೆ

ಪಶ್ಚಿಮಘಟ್ಟದ ಎತ್ತರದ ಶೋಲಾ ಕಾಡುಗಳಲ್ಲಿ, ಮಳೆಗಾಲದ ತೇವವು ಬೇಸಗೆಯವರೆಗೂ ಪೂರ್ಣವಾಗಿ ಆರದ ನೆಲದಿಂದ, ವರುಷ ವರುಷವೂ ಉದುರಿ ಪದರಪದರವಾಗಿ ಕೊಳೆಯುತ್ತಿರುವ ತರಗೆಲೆಯ ಒಂದು ಬೊಗಸೆಯನ್ನೆತ್ತಿ ಬಿಳಿಯ ಬಟ್ಟೆಯ ಮೇಲೆ ಹರಡಿ ನೋಡಿದವರಿಗೆ, ಉದರದ ತುದಿಯನ್ನು ಮೇಲಕ್ಕೆತ್ತಿಕೊಂಡು ಅತ್ತಿತ್ತ ಧಾವಿಸುವ, ನೀಳವಾದ, ಕಂದು ಇಲ್ಲವೆ ಕಪ್ಪು ಬಣ್ಣದ ಸಣ್ಣ ಸಣ್ಣ ಕೀಟಗಳು ಕಾಣಸಿಗುವುದುಂಟು. ಇವೇ ರೋವ್ ಜೀರುಂಡೆಗಳು. ಶಾಸ್ತ್ರಜ್ಞರ ಮಾತಿನಲ್ಲಿ ಸ್ಟ್ಯಾಫಿಲಿನಿಡೇ ಕುಟುಂಬಕ್ಕೆ ಸೇರಿದವು. ಈ ಒಂದೇ ಕುಟುಂಬದಲ್ಲಿ ಇದುವರೆಗೆ 60,000ಕ್ಕೂ ಮಿಕ್ಕ ಪ್ರಭೇದಗಳಿಗೆ ಹೆಸರು ಬಿದ್ದಿದೆ. ಆದರೂ ಪ್ರತಿವರ್ಷವೂ ನೂರಾರು ಹೊಸ ಪ್ರಭೇದಗಳು ಈ ಪಟ್ಟಿಗೆ ಸೇರುತ್ತಲೇ ಇವೆ. ಹಾಗೆ ಸೇರುವ ಒಂದು ಜೀವಿಯು ಕಾಡಿನ ನೆಲದಿಂದ ಶಾಸ್ತ್ರದ ಪುಟಕ್ಕೆ ಬರುವ ಬಗೆ ಹೇಗೆಂಬುದು ಹೊರಗಿನವರಿಗೆ ಅಷ್ಟಾಗಿ ಪರಿಚಿತವಲ್ಲ.

ಜೀರುಂಡೆಯೆಂದೊಡನೆ ಬೆನ್ನನ್ನೆಲ್ಲ ಮುಚ್ಚುವ ಗಟ್ಟಿಯಾದ ಚಿಪ್ಪು ನೆನಪಿಗೆ ಬರುವುದು ಸಹಜ. ಇವುಗಳಲ್ಲಾದರೋ ಚಿಪ್ಪಿನಂತಹ ಆ ಮುಂರೆಕ್ಕೆಗಳು ಗಿಡ್ಡವಾಗಿದ್ದು ಉದರದ ಬಹುಭಾಗವು ತೆರೆದೇ ಉಳಿಯುತ್ತದೆ. ಹಾರಾಟಕ್ಕೆ ಬೇಕಾದ ಹಿಂರೆಕ್ಕೆಗಳು ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಕ್ರಮದಲ್ಲಿ ಮಡಿಸಿಕೊಂಡು ಆ ಕಿರಿದಾದ ಕವಚದ ಅಡಿಯಲ್ಲಿ ಅಡಗಿರುತ್ತವೆ. ಹೆಚ್ಚಿನವು 2ರಿಂದ 8 ಮಿಲಿಮೀಟರ್ ಉದ್ದದವು. ಹುಳು, ಉಣ್ಣಿ ಜಾತಿಯ ಸಣ್ಣ ಜೀವಿ, ನೊಣಗಳ ಮರಿ ಮೊದಲಾದುವನ್ನು ಹಿಡಿದು ತಿನ್ನುವವು ಬಹಳ; ಅಣಬೆಯನ್ನೋ ಕೊಳೆತ ಪದಾರ್ಥವನ್ನೋ ಆಶ್ರಯಿಸಿದವು ಕೆಲವು; ಇರುವೆ ಗೆದ್ದಲುಗಳ ಗೂಡಿನಲ್ಲಿ ಅತಿಥಿಗಳಾಗಿ ಬಾಳುವವು ಮತ್ತೆ ಕೆಲವು. ರಾತ್ರಿ ದೀಪಕ್ಕೆ ಮುತ್ತುವ, ಚರ್ಮದ ಮೇಲೆ ಅರೆದುಹೋದರೆ ಉರಿಯನ್ನೂ ಬೊಕ್ಕೆಯನ್ನೂ ಉಂಟುಮಾಡುವ ಪೀಡೆರಸ್ ಎಂಬ ಕುಲವೂ ಇದೇ ಕುಟುಂಬದ್ದು. ಆ ವಿಷವನ್ನು ಸಿದ್ಧಪಡಿಸುವುದು ಕೀಟವಲ್ಲ, ಅದರ ದೇಹದೊಳಗೆ ವಾಸಿಸುವ ಒಂದು ಬ್ಯಾಕ್ಟೀರಿಯ.

ಪರ್ವತದ ಕಾಡುಗಳೇ ಹೊಸ ಪ್ರಭೇದಗಳ ಆಗರವಾಗಿರುವುದಕ್ಕೆ ಕಾರಣವುಂಟು. ಎತ್ತರದ ತಂಪಿಗೂ ತೇವಕ್ಕೂ ಒಗ್ಗಿಹೋದ ಅನೇಕ ರೋವ್ ಜೀರುಂಡೆಗಳಲ್ಲಿ ಹಿಂರೆಕ್ಕೆಗಳು ಕ್ಷೀಣಿಸಿ ಹಾರುವ ಶಕ್ತಿಯೇ ಲೋಪವಾಗಿರುತ್ತದೆ. ಇಂತಹ ಜೀವಿಗೆ ಒಂದು ಗಿರಿಯಿಂದ ಇನ್ನೊಂದು ಗಿರಿಗೆ ನಡುವಣ ಬಿಸಿಲಿನ ಕಣಿವೆಯನ್ನು ದಾಟಿ ಹೋಗುವುದು ಅಸಾಧ್ಯಪ್ರಾಯ. ಹೀಗೆ ಬಹುಕಾಲ ಪರಸ್ಪರ ಸಂಪರ್ಕವಿಲ್ಲದೆ ಉಳಿದ ಬಳಗಗಳು ಕ್ರಮೇಣ ಭಿನ್ನವಾಗಿ, ಹೊರನೋಟಕ್ಕೆ ಒಂದೇ ಎಂಬಂತೆ ಕಂಡರೂ ವಸ್ತುತಃ ಬೇರೆ ಬೇರೆ ಪ್ರಭೇದಗಳಾಗಿ ಕವಲೊಡೆಯುತ್ತವೆ. ಒಂದೇ ಶಿಖರದ ಸುತ್ತಣ ಕಾಡಿನಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇಲ್ಲದ ಜೀವಿಗಳು ಉಂಟಾಗುವುದು ಹೀಗೆ.

ಸಂಗ್ರಹಕಾರ್ಯವು ಅರಣ್ಯ ಇಲಾಖೆಯ ಅನುಮತಿಯಿಂದ ಮೊದಲಾಗುತ್ತದೆ. ತರಗೆಲೆಯನ್ನು ಜರಡಿ ಹಿಡಿದು, ಉಳಿದ ಸಣ್ಣ ಕಸವನ್ನು ಬಲೆಯ ಚೀಲಗಳಿಗೆ ತುಂಬಿ, ವಿಂಕ್ಲರ್ ಎಂಬ ಬಟ್ಟೆಯ ಆಲಿಕೆಯೊಳಗೆ ತೂಗುಹಾಕುತ್ತಾರೆ. ಕಸವು ಒಣಗುತ್ತ ಬಂದಂತೆ ತೇವವನ್ನರಸಿ ಹೊರಬೀಳುವ ಕೀಟಗಳು ಕೆಳಗಿನ ಮದ್ಯಸಾರದ ಸೀಸೆಗೆ ಇಳಿಯುತ್ತವೆ. ಇಟಲಿಯ ಆಂಟೋನಿಯೋ ಬರ್ಲೇಸೆ 1905ರಲ್ಲಿ ರೂಪಿಸಿದ ಶಾಖದ ಆಲಿಕೆಯೂ ಇದೇ ತತ್ತ್ವವನ್ನು ಅನುಸರಿಸಿದ್ದು. ನೆಲಕ್ಕೆ ಸಮನಾಗಿ ಬಟ್ಟಲುಗಳನ್ನು ಹೂಳಿ, ಓಡಾಡುವ ಕೀಟಗಳು ಅವುಗಳಲ್ಲಿ ಬೀಳುವಂತೆ ಮಾಡುವುದು ಇನ್ನೊಂದು ಉಪಾಯ. ಯಾವ ವಿಧಾನದಿಂದ ದೊರೆತರೂ ಸ್ಥಳ, ಎತ್ತರ, ದಿನಾಂಕ, ಸಂಗ್ರಾಹಕರ ಹೆಸರು ಇವನ್ನು ಬರೆದ ಚೀಟಿಯು ಜೊತೆಗಿಲ್ಲದಿದ್ದರೆ ಆ ಮಾದರಿಗೆ ಶಾಸ್ತ್ರದಲ್ಲಿ ಬೆಲೆಯಿಲ್ಲ.

ಬಳಿಕ ಪ್ರಯೋಗಶಾಲೆಯ ಮೇಜು. ಸಣ್ಣ ರಟ್ಟಿನ ತುಂಡಿಗೆ ಅಂಟಿಸಿ ಸೂಜಿಗೇರಿಸಿದ ಜೀರುಂಡೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ತಲೆಯ ಅಗಲ, ಎದೆಗವಚದ ಉದ್ದ, ಮುಂರೆಕ್ಕೆಗಳ ಪ್ರಮಾಣ ಇವನ್ನು ಅಳೆದು, ಕುಡಿಮೀಸೆಯ ಒಂದೊಂದು ಗೆಣ್ಣಿನ ಆಕಾರವನ್ನೂ, ಮೈಮೇಲಣ ಸೂಕ್ಷ್ಮ ಕುಳಿಗಳ ಮತ್ತು ರೋಮಗಳ ವಿನ್ಯಾಸವನ್ನೂ ಗುರುತು ಹಾಕಿಕೊಳ್ಳುತ್ತಾರೆ. ಆದರೆ ಇಷ್ಟರಿಂದ ನಿರ್ಣಯವಾಗುವುದು ವಿರಳ. ಹತ್ತಿರದ ಸಂಬಂಧಿಗಳನ್ನು ನಿಸ್ಸಂದೇಹವಾಗಿ ಬೇರ್ಪಡಿಸುವುದು ಬಹುತೇಕ ಗಂಡಿನ ಜನನಾಂಗದ ರಚನೆ. ಒಣಗಿದ ಮಾದರಿಯನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ, ಉದರದ ತುದಿಯಿಂದ ಈ ಅಂಗವನ್ನು ನವುರಾದ ಸೂಜಿಗಳಿಂದ ಬಿಡಿಸಿ, ಕ್ಷಾರದ್ರಾವಣದಲ್ಲಿ ತಿಳಿಗೊಳಿಸಿ, ಚಿತ್ರ ಬರೆದುಕೊಂಡು, ಅದೇ ಕೀಟದ ಸೂಜಿಯಲ್ಲಿ ಮತ್ತೆ ಜೋಡಿಸಿಡಬೇಕು. ಕೈ ನಡುಗಿದರೆ ಒಂದೇ ಒಂದಾಗಿ ಸಿಕ್ಕಿದ ಗಂಡು ಹಾಳಾಗಿ ವರ್ಷದ ಶ್ರಮ ವ್ಯರ್ಥವಾದೀತು. ಈಚೆಗೆ ಡಿಎನ್‌ಎ ಪರೀಕ್ಷೆಯೂ ನೆರವಿಗೆ ಬಂದಿದೆಯಾದರೂ ಅದು ಈ ಕೆಲಸಕ್ಕೆ ಪೂರಕವಾಗಿದೆಯೇ ಹೊರತು ಪರ್ಯಾಯವಾಗಿಲ್ಲ.

ಇಷ್ಟೆಲ್ಲ ಆದ ಮೇಲೆಯೂ ಕೈಯಲ್ಲಿರುವ ಕೀಟ ಹೊಸತೆಂದು ಹೇಳುವ ಅಧಿಕಾರ ಬಾರದು. ಹಿಂದಿನವರು ಹೆಸರಿಸಿದ ಯಾವುದೂ ಇದಲ್ಲವೆಂಬುದು ಸಿದ್ಧವಾಗಬೇಕು. ಇಡೀ ವಿದ್ಯೆಯ ಭಾರ ಬೀಳುವುದು ಇಲ್ಲಿಯೇ. ಬ್ರಿಟಿಷ್ ನೌಕಾಪಡೆಯ ವೈದ್ಯನಾಗಿದ್ದು, ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿಯೂ ಕೆಲಸಮಾಡಿದ ಮಾಲ್ಕಮ್ ಕ್ಯಾಮರಾನ್ 1930ರಿಂದ 1939ರ ವರೆಗೆ ಪ್ರಕಟಿಸಿದ ಸಂಪುಟಗಳು ಭಾರತದ ರೋವ್ ಜೀರುಂಡೆಗಳ ಅಭ್ಯಾಸಕ್ಕೆ ಇಂದಿಗೂ ಆಧಾರಗ್ರಂಥ. ಆದರೆ ಜನನಾಂಗದ ಚಿತ್ರ ಕೊಡುವ ರೂಢಿ ಆ ಕಾಲದಲ್ಲಿ ಇನ್ನೂ ಸಾರ್ವತ್ರಿಕವಾಗಿರಲಿಲ್ಲವಾದುದರಿಂದ, ಬರಿಯ ವರ್ಣನೆಯನ್ನು ನಂಬಿ ತೀರ್ಮಾನಿಸುವಂತಿಲ್ಲ. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಆತನ ಮೂಲ ಮಾದರಿಗಳನ್ನೇ ನೋಡಬೇಕಾಗುತ್ತದೆ. ಆಸ್ಟ್ರಿಯದ ಮ್ಯಾಕ್ಸ್ ಬರ್ನ್‌ಹಾವರ್ 5,000ಕ್ಕೂ ಹೆಚ್ಚು ಹೆಸರುಗಳನ್ನು ಕೊಟ್ಟವನು; ಅವನ ಸಂಗ್ರಹವಿರುವುದು ಶಿಕಾಗೋದಲ್ಲಿ. 1758ರಿಂದ ಎರಡನೆಯ ಸಹಸ್ರಮಾನದ ಕೊನೆಯವರೆಗಿನ ಹೆಸರುಗಳನ್ನು ಒಟ್ಟುಗೂಡಿಸಿ ಅಮೆರಿಕದ ಲೀ ಹರ್ಮನ್ 2001ರಲ್ಲಿ ಹೊರತಂದ ಏಳು ಭಾಗಗಳ ಸೂಚಿಯು ಈ ಹುಡುಕಾಟವನ್ನು ಎಷ್ಟೋ ಹಗುರಗೊಳಿಸಿತು.

ಹೋಲಿಕೆ ಮುಗಿದು ಹೊಸತೆಂಬುದು ನಿಶ್ಚಯವಾದರೆ ನಾಮಕರಣ. ಇದಕ್ಕೆ ಅಂತರರಾಷ್ಟ್ರೀಯ ಪ್ರಾಣಿನಾಮ ಸಂಹಿತೆಯ ಕಟ್ಟುಪಾಡುಗಳಿವೆ. ಇಂದು ಜಾರಿಯಲ್ಲಿರುವ ಅದರ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಆಚರಣೆಗೆ ಬಂದಿತು. ಒಂದೇ ಜೀವಿಗೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲಿನದೇ ಊರ್ಜಿತ. ಜೀವಿಗೆ ತನ್ನದೇ ಹೆಸರನ್ನಿಡುವುದು ಅಸಭ್ಯವೆಂಬುದು ನಿಯಮವಲ್ಲದಿದ್ದರೂ ಎಲ್ಲರೂ ಪಾಲಿಸುವ ಮರ್ಯಾದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಮಾದರಿಯನ್ನು ಹೋಲೋಟೈಪ್ ಎಂದು ಗೊತ್ತುಪಡಿಸಿ, ಅದನ್ನು ಎಲ್ಲಿ ಇರಿಸಲಾಗಿದೆಯೆಂಬುದನ್ನು ಲೇಖನದಲ್ಲಿ ಹೇಳಲೇಬೇಕು. ಹಿಂದೆ ಊರಿನ ಅಳತೆಗಳೆಲ್ಲಕ್ಕೂ ಸರ್ಕಾರದ ಮುದ್ರೆಯೊತ್ತಿದ ಸೇರು ಪ್ರಮಾಣವಾಗಿದ್ದಂತೆ, ಆ ಹೆಸರಿಗೆ ಎಂದೆಂದಿಗೂ ಈ ಒಂದು ಜೀರುಂಡೆಯೇ ಪ್ರಮಾಣ. ಸಂದೇಹ ಬಂದ ಯಾರೇ ಆಗಲಿ, ನೂರು ವರ್ಷಗಳ ಅನಂತರವಾದರೂ, ಅದನ್ನು ತೆಗೆದು ನೋಡಿ ಲೇಖಕನ ಮಾತು ನಿಜವೋ ಸುಳ್ಳೋ ಎಂದು ಪರಿಶೀಲಿಸಬಹುದು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬಲವೂ ಉಂಟು. 2002ರ ಜೀವವೈವಿಧ್ಯ ಅಧಿನಿಯಮದ 39ನೆಯ ಕಲಮಿನಂತೆ, ಹೊಸ ಜೀವಿಯನ್ನು ಕಂಡುಹಿಡಿದವರು ನಿಯುಕ್ತ ಭಂಡಾರಕ್ಕೆ ಅದನ್ನು ತಿಳಿಸಿ ಮಾದರಿಯನ್ನು ಒಪ್ಪಿಸತಕ್ಕದ್ದು. 1916ರಲ್ಲಿ ಸ್ಥಾಪಿತವಾಗಿ ಕೋಲ್ಕತ್ತದಲ್ಲಿ ಕೇಂದ್ರವನ್ನುಳ್ಳ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯೂ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೂ ಇಂತಹ ಭಂಡಾರಗಳು.

ಭಂಡಾರಗಳ ಮಹತ್ವವನ್ನು ತಿಳಿಯಲು ಒಂದು ನಿದರ್ಶನ ಸಾಕು. ಚಾರ್ಲ್ಸ್ ಡಾರ್ವಿನ್ನನು ತನ್ನ ನೌಕಾಯಾತ್ರೆಯಲ್ಲಿ, 1832ರಲ್ಲಿ, ಅರ್ಜೆಂಟೀನದ ಬಹಿಯಾ ಬ್ಲಾಂಕಾದಲ್ಲಿ ಹಿಡಿದ ಒಂದು ರೋವ್ ಜೀರುಂಡೆ ಲಂಡನ್ನಿನ ಸಂಗ್ರಹ ಸೇರಿ, ಯಾರ ಗಮನಕ್ಕೂ ಬಾರದೆ ಉಳಿದು, ಕೊನೆಗೆ 2014ರಲ್ಲಿ ಡಾರ್ವಿನಿಲಸ್ ಎಂಬ ಹೊಸ ಕುಲವಾಗಿ ಪ್ರಕಟವಾಯಿತು. 182 ವರ್ಷ ಅದನ್ನು ಹುಳ ಹಿಡಿಯದಂತೆ, ಚೀಟಿ ಕಳಚದಂತೆ ಕಾಪಾಡಿದವರು ಇದ್ದುದರಿಂದಲೇ ಅದು ಸಾಧ್ಯವಾಯಿತು. ಸಂಗ್ರಹಿಸಿದವನ ಕೀರ್ತಿಯಲ್ಲಿ ಕಾದಿಟ್ಟವರಿಗೂ ಸಮಪಾಲು ಸಲ್ಲಬೇಕು.

ಗಿರಿಯ ಕಾಡೊಂದು ರಸ್ತೆಗೋ ಗಣಿಗೋ ಅಣೆಕಟ್ಟಿಗೋ ಹೋಗುವಾಗ ಅಲ್ಲಿ ಏನೇನಿತ್ತೆಂದು ಬರೆಯುವ ವರದಿಗಳು ಹೆಸರುಳ್ಳ ಜೀವಿಗಳನ್ನು ಮಾತ್ರ ಎಣಿಸಬಲ್ಲವು. ಆದುದರಿಂದ ಈ ವಿದ್ಯೆಯನ್ನು ಕೆಲವರ ವಿಲಕ್ಷಣ ಹವ್ಯಾಸವೆಂದು ತಳ್ಳಿಹಾಕುವುದು ವಿವೇಕವಲ್ಲ. ಇದಕ್ಕೆ ಬೇಕಾದದ್ದು ದೊಡ್ಡ ಪದವಿಯಲ್ಲ: ಕ್ಯಾಮರಾನ್ ವೈದ್ಯ, ಬರ್ನ್‌ಹಾವರ್ ದಸ್ತಾವೇಜು ನೋಡುವ ನೋಟರಿ. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ತಮ್ಮಲ್ಲಿರುವ ಹಳೆಯ ಕೀಟಪೆಟ್ಟಿಗೆಗಳನ್ನು ಚೀಟಿಸಹಿತ ಜೋಪಾನಮಾಡಲಿ; ಮಲೆನಾಡಿನ ತರುಣರಲ್ಲಿ ತಾಳ್ಮೆಯೂ ತೀಕ್ಷ್ಣ ದೃಷ್ಟಿಯೂ ಉಳ್ಳ ಒಬ್ಬಿಬ್ಬರಾದರೂ ಈ ಕುಟುಂಬದ ಒಂದು ಕುಲವನ್ನು ಜೀವಮಾನದ ಅಭ್ಯಾಸಕ್ಕೆಂದು ಆರಿಸಿಕೊಳ್ಳಲಿ.